ಪೊಂಬೆರೊ ಜಡಿದ ಬೀಗ

ಸೋಮವಾರ ಬೆಳಿಗ್ಗೆ ಎನ್ಕಾರ್ನಸಿಯೋನ್‌ಗೆ ಹೊರಡಬೇಕಿದ್ದ ಬಸ್ಸಿನ ಒಂದನೇ ಸೀಟಿಗೆ ನಾಲ್ಕು ಜನ ಟಿಕೆಟ್ ಹಿಡಿದು ಬಂದರು. ನಾಲ್ಕೂ ಅಸಲಿ ಟಿಕೆಟ್ಟುಗಳೇ. ಮೊದಲು ಬಂದ ಸೆನ್ಯೋರಾ ನೂನ್ಯೆಸ್ ಆಗಲೇ ಮೊಮ್ಮಗಳ ಹುಟ್ಟುಹಬ್ಬದ ಕೇಕನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟಿದ್ದರು. ಎದ್ದರೆ ಕ್ರೀಮು ಕದಡುತ್ತದೆ, ಹಾಗಾಗಿ ಏಳುವ ಮಾತೇ ಇಲ್ಲ ಎಂದರು. ಉಳಿದ ಮೂವರು ಅವರ ತಲೆಯ ಮೇಲೆಯೇ ಜಗಳಕ್ಕೆ ನಿಂತರು. ಚಾಲಕ ಇಂಜಿನ್ ಆರಿಸಿ, ತೆರೆರೆ ಎಂಬ ತಣ್ಣನೆಯ ಎಲೆ ಪಾನೀಯ ಹೀರುತ್ತ, ಯಾರಾದರೂ ಗೆಲ್ಲಲಿ ಎಂದು ಕಾಯುತ್ತ ಕೂತ.

ದೂರು ಬಂದು ಬಿದ್ದದ್ದು ಸುನಿಲ್ದಾ ಒವೆಲಾರ್ ತಲೆಗೆ. ಅಸುನ್ಸಿಯೋನಿನ ಆ ಬಸ್ ಕಂಪನಿಯಲ್ಲಿ ಟಿಕೆಟ್ ಪ್ರೋಗ್ರಾಂ ನೋಡಿಕೊಳ್ಳುವ ಕೆಲಸಕ್ಕೆ ಅವಳು ಸೇರಿ ಇನ್ನೂ ಒಂದು ಸಂಬಳ ಕಂಡಿರಲಿಲ್ಲ. ಪ್ರೋಗ್ರಾಂ ಬರೆದ ಪುಣ್ಯಾತ್ಮ ನಿವೃತ್ತನಾಗಿ ಎಷ್ಟೋ ವರ್ಷಗಳಾಗಿದ್ದವು. ಅದನ್ನು ತೆರೆದು ನೋಡಿದ ಸುನಿಲ್ದಾಳಿಗೆ ತಾನು ಅಡುಗೆಮನೆಗೆ ಬಂದುಬಿಟ್ಟೆನೋ ಎನ್ನಿಸಿತು. ಅದರಲ್ಲಿ ಪ್ರಯಾಣಿಕನ ಹೆಸರು ಚೀಪಾ ಎಂಬ ಚೀಸ್ ಬನ್ನು, ಸೀಟಿನ ಹೆಸರು ಮರಗೆಣಸು, ಬಸ್ಸಿನ ಹೆಸರು ಸೋಪಾ ಎಂಬ ಜೋಳದ ರೊಟ್ಟಿ. ‘ಚೀಪಾ ಇದ್ದು ಮರಗೆಣಸು ಮುಗಿದಿದ್ದರೆ ಸೋಪಾವನ್ನು ಇನ್ನೊಮ್ಮೆ ತಿರುಗಿಸು’ ಎಂಬರ್ಥದ ಸಾಲುಗಳು ಪುಟಗಟ್ಟಲೆ. ನಡುವೆ ಒಂದು ಕಡೆ ಬರೆದಾತ ಟಿಪ್ಪಣಿ ಬಿಟ್ಟಿದ್ದ: ‘ಮಳೆ ನಿಂತ ಮೇಲೆ ಇದನ್ನು ಸರಿಮಾಡುವೆ.’

“ಯಾವ ಮಳೆ ಮಾರಾಯಾ?” ಎಂದು ಸುನಿಲ್ದಾ ಪರದೆಯನ್ನೇ ಕೇಳಿದಳು.

ಊರಿನ ಪ್ರೋಗ್ರಾಮರುಗಳೆಲ್ಲ ಸೇರುವ ಒಂದು ಆನ್‌ಲೈನ್ ಗುಂಪಿತ್ತು. ಹೆಸರು ‘ಅಂಗಳ’. ಕೆಟ್ಟ ಕೋಡ್ ಹಾಕಿ ನಗುವುದು, ಗೊತ್ತಿಲ್ಲದ್ದನ್ನು ಕೇಳುವುದು, ಕೇಳಿದವರನ್ನು ಅರೆಯುವುದು ಅಲ್ಲಿನ ದಿನಚರಿ. ಸುನಿಲ್ದಾ ಬಹಳ ಕಾಲದಿಂದ ಅಲ್ಲಿ ‘ಮೈನುಂಬಿ’ ಎಂಬ ಹೆಸರಿನಲ್ಲಿದ್ದಳು. ಮೈನುಂಬಿ ಎಂದರೆ ಝೇಂಕಾರದ ಹಕ್ಕಿ. ಆದರೆ ಈ ಹಕ್ಕಿ ಇದುವರೆಗೆ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ. ಬಿಡದಂತೆ ಹೆದರಿಸಿದವನು ಅಂಗಳದ ಮೇಲ್ವಿಚಾರಕ. ರಾತ್ರಿ ಸಿಳ್ಳೆ ಹಾಕಿ ಜನರ ಎದೆ ನಡುಗಿಸುವ ಪೊಂಬೆರೊ ಭೂತದ ಹೆಸರನ್ನೇ ಅವನು ಇಟ್ಟುಕೊಂಡಿದ್ದ, ಕೆಲಸವನ್ನೂ ಅದರಂತೆಯೇ ಮಾಡುತ್ತಿದ್ದ.

ಆವತ್ತು ಬೇರೆ ದಾರಿಯಿರಲಿಲ್ಲ. ಚೀಪಾ–ಮರಗೆಣಸಿನ ಭಾಗವನ್ನು ಅಂಗಳದಲ್ಲಿ ಹಾಕಿ, ಒಂದೇ ಸೀಟು ಹಲವರಿಗೆ ಹೋಗುತ್ತಿದೆ, ಯಾರಾದರೂ ನೋಡಿ ಹೇಳಿ ಎಂದು ವಿನಯದಿಂದ ಬರೆದಳು.

ಉತ್ತರಗಳು ಸುರಿದವು. ಒಬ್ಬ ನಕ್ಕ. ಇನ್ನೊಬ್ಬ ಇದನ್ನು ಓದಿ ತನಗೆ ಹಸಿವಾಯಿತೆಂದ. ಮತ್ತೊಬ್ಬ ಎಲ್ಲವನ್ನೂ ಅಳಿಸಿ ತಾನು ಮೆಚ್ಚಿದ ಹೊಸ ಭಾಷೆಯಲ್ಲಿ ಬರೆಯಿರಿ ಎಂದ. ಆ ಭಾಷೆಯೂ ಒಂದು ಭಾಷೆಯೇ ಎಂದು ಮಗದೊಬ್ಬ ಹೀಯಾಳಿಸಿದ. ಅವರಿಬ್ಬರೂ ಕೈಕೈ ಮಿಲಾಯಿಸುವ ಹಂತಕ್ಕೆ ಬಂದರು. ಸೀಟಿನ ವಿಷಯ ಯಾರಿಗೂ ನೆನಪಿರಲಿಲ್ಲ. ಆಗ ಪೊಂಬೆರೊ ಬಂದ.

‘ಇದು ಪ್ರೋಗ್ರಾಂ ಅಲ್ಲ, ಊಟ ಸಿಗದವನ ಪ್ರಲಾಪ. ಇದನ್ನು ಬರೆದವನಿಗೆ ಬುದ್ಧಿಯಿಲ್ಲ, ಇಲ್ಲಿ ತಂದು ಹಾಕಿದವರಿಗೆ ನಾಚಿಕೆಯಿಲ್ಲ. ಈ ಪ್ರಶ್ನೆ ಹಿಂದೆಯೇ ಬಂದಿದೆ. ಹುಡುಕಿ ಕೇಳುವುದನ್ನು ಕಲಿಯಿರಿ’ ಎಂದು ಬರೆದು, ಇನ್ನಾರೂ ಉತ್ತರಿಸದಂತೆ ಪ್ರಶ್ನೆಗೆ ಬೀಗ ಜಡಿದ. ಹಿಂದೆಯೇ ಬಂದಿದೆ ಎಂದು ಅವನು ತೋರಿಸಿದ್ದು, ಯಾರದೋ ಪ್ರಿಂಟರ್ ಕಾಗದವನ್ನು ತಲೆಕೆಳಗಾಗಿ ಉಗುಳುತ್ತಿದ್ದ ಕಥೆಯನ್ನು.

ಸುನಿಲ್ದಾಳ ಕಿವಿ ಬಿಸಿಯಾಯಿತು. ಪಕ್ಕದ ಮೇಜಿನ ದೆರ್ಲಿಸ್ ಅದೇ ಹೊತ್ತಿಗೆ ತೆರೆರೆ ಹೀರುತ್ತ ಇತ್ತ ತಿರುಗಿದ. ಕಂಪನಿಯ ವೆಬ್‌ಸೈಟಿನ ಬಣ್ಣ, ಬಟನ್ನು ನೋಡಿಕೊಳ್ಳುವ ಹುಡುಗ ಅವನು. ಮೆತ್ತಗಿನ ಜೀವ. ಲೆಕ್ಕಪತ್ರದ ಎವಾಂಗೆಲಿನಾ ಅಕ್ಕ ಕಾಲು ತುಳಿದರೆ ತಾನೇ ಕ್ಷಮೆ ಕೇಳುವಂಥವನು.

“ಯಾಕೇ, ಮುಖ ಕೆಂಪಾಗಿದೆ? ಸೆಕೆನಾ?”

“ಸೆಕೆಯೂ ಇಲ್ಲ ಮಣ್ಣೂ ಇಲ್ಲ. ಯಾವನೋ ಪೊಂಬೆರೊ ಅಂತೆ. ಅವನ ತೆರೆರೆ ಫ್ಲಾಸ್ಕ್ ಒಡೆದು ಹೋಗ!”

ದೆರ್ಲಿಸ್‌ಗೆ ತೆರೆರೆ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಪುದೀನ ಜಾಸ್ತಿಯಾಯ್ತು ಎಂದ.

ಸುನಿಲ್ದಾ ಅಷ್ಟಕ್ಕೇ ಬಿಡಲಿಲ್ಲ. ಪೊಂಬೆರೊಗೆ ಖಾಸಗಿಯಾಗಿ ಬರೆದಳು: ‘ಪ್ರಿಂಟರಿಗೂ ಸೀಟಿಗೂ ಏನು ಸಂಬಂಧ, ಮಹಾನುಭಾವ?’ ಕಳುಹಿಸಿದ ಕೂಡಲೇ ಪಕ್ಕದ ಮೇಜಿನಲ್ಲಿ ಟಿಂಗ್ ಎಂದಿತು. ಅವಳು ತಲೆಯೆತ್ತಿದಳು. ದೆರ್ಲಿಸ್ ಹಲ್ಲು ಕಚ್ಚಿ ಕೀಲಿಗಳನ್ನು ಕುಟ್ಟುತ್ತಿದ್ದ. ಅವನು ಕುಟ್ಟಿ ಮುಗಿಸುತ್ತಿದ್ದಂತೆ ಇವಳ ಪರದೆಯಲ್ಲಿ ಉತ್ತರ ಮೂಡಿತು: ‘ಸಂಬಂಧ ಕಾಣದಿರುವುದೇ ನಿಮ್ಮ ಸಮಸ್ಯೆ.’

ಅವಳಿಗೆ ನಂಬಿಕೆ ಬರಲಿಲ್ಲ. ‘ಹೌದಾ?’ ಎಂದಷ್ಟೇ ಬರೆದಳು. ಟಿಂಗ್. ‘ಹೂಂ’ ಎಂದಳು. ಟಿಂಗ್. ಒಂದು ಚುಕ್ಕೆ ಕಳುಹಿಸಿದಳು. ಟಿಂಗ್.

“ಥೂ, ಯಾವುದೋ ತಲೆಹರಟೆ,” ಎಂದು ಗೊಣಗಿದ ದೆರ್ಲಿಸ್, ಅವಳತ್ತ ತಿರುಗಿ ಎಂದಿನ ಮೆದು ದನಿಯಲ್ಲಿ, “ನಿಂದೇನು ತೊಂದರೆ, ಹೇಳೇ. ನಾನು ನೋಡ್ಲಾ?” ಎಂದ.

ನಗು ಉಕ್ಕಿ ಬಂದು ಸುನಿಲ್ದಾ ಮೇಜಿನ ಕೆಳಗೆ ಬಗ್ಗಿ ಏನೋ ಬಿದ್ದಂತೆ ಹುಡುಕಿದಳು. ಮೇಲೆದ್ದು, “ನೋಡಪ್ಪ, ನಂಗಂತೂ ಬುದ್ಧಿ ಓಡ್ತಿಲ್ಲ,” ಎಂದು ಕೋಡ್ ತೆರೆದು ಅವನ ಮುಂದಿಟ್ಟಳು.

ಚೀಪಾ ಕಂಡದ್ದೇ ದೆರ್ಲಿಸ್‌ನ ಮುಖದ ರಕ್ತ ಇಳಿಯಿತು. ಆಗಷ್ಟೇ ಬೈದ ಕೋಡು, ತನ್ನದೇ ಕಂಪನಿಯದು, ಹಾಕಿದವಳು ಪಕ್ಕದಲ್ಲಿ. ಅವನು ಕುರ್ಚಿ ಎಳೆದುಕೊಂಡು ಕೂತ. ತಪ್ಪಿತಸ್ಥನಷ್ಟು ಚೆನ್ನಾಗಿ ಕೆಲಸ ಮಾಡುವವರಿಲ್ಲ ಎಂಬುದು ಆ ಮಧ್ಯಾಹ್ನ ಅವಳಿಗೆ ತಿಳಿಯಿತು. ದೆರ್ಲಿಸ್ ಊಟಕ್ಕೂ ಏಳದೆ ಸೋಪಾವನ್ನು ಸುತ್ತಿ ಸುತ್ತಿ ನೋಡಿದ.

“ಆ ನಾಲ್ಕು ಜನದ ಹೆಸರೇನು?” ಎಂದ ಕೊನೆಗೆ.

“ನೂನ್ಯೆಸ್, ಅಕೂನ್ಯಾ, ಪೆನ್ಯಾ, ಇಬಾನ್ಯೆಸ್.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ನಾಲ್ಕರಲ್ಲೂ ತಲೆಯ ಮೇಲೆ ಸೊಟ್ಟ ಗೆರೆ ಹೊತ್ತ ‘ನ್ಯ’ (ñ) ಅಕ್ಷರ! ಪ್ರೋಗ್ರಾಂಗೆ ಆ ಅಕ್ಷರದ ಪರಿಚಯವೇ ಇರಲಿಲ್ಲ; ಪರಿಚಯವಿಲ್ಲದವರನ್ನೆಲ್ಲ ಒಯ್ದು ಒಂದನೇ ಸೀಟಿನಲ್ಲಿ ಕೂರಿಸುತ್ತಿತ್ತು.

“ಇಷ್ಟು ವರ್ಷ ಈ ಊರಲ್ಲಿ ಒಬ್ಬ ನೂನ್ಯೆಸ್ ಕೂಡ ಬಸ್ ಹತ್ತಿಲ್ವೇನೋ?” ಎಂದಳು ಸುನಿಲ್ದಾ.

ಅವಳು ಬಸ್ ಟರ್ಮಿನಲ್ಲಿನ ಕೌಂಟರಿಗೆ ಫೋನು ಮಾಡಿದಳು. ಅಲ್ಲಿನ ಹೆಂಗಸು ಸಂಭ್ರಮದಿಂದ, “ಹೊಸ ಕೀಬೋರ್ಡ್ ಬಂದಿದೆ ಕಣಮ್ಮ! ಹಳೇದ್ರಲ್ಲಿ ಆ ಅಕ್ಷರ ಇರ್ಲಿಲ್ಲ, ಬರೀ ‘ನ’ ಹೊಡೀತಿದ್ವಿ. ಈಗ ನೋಡು, ಜನರ ಹೆಸರನ್ನ ಮರ್ಯಾದೆಯಾಗಿ ಹೊಡೀತಿದೀವಿ,” ಎಂದಳು.

ಸುನಿಲ್ದಾ ಒಂದು ಸಾಲು ಸೇರಿಸಿದಳು. ಪರೀಕ್ಷೆಗೆಂದು ಪರದೆಯಲ್ಲಿ ಆ ಹೆಸರುಗಳಿಗೆ ಟಿಕೆಟ್ ಕೊಟ್ಟು ನೋಡಿದರೆ ನಾಲ್ವರೂ ಬೇರೆ ಬೇರೆ ಸೀಟುಗಳಲ್ಲಿ ಕೂತರು. ಅವಳು ಬೆನ್ನು ಚಾಚಿ, “ತುಂಬಾ ಉಪಕಾರ ಆಯ್ತು, ಪೊಂಬೆರೊ,” ಎಂದಳು.

ದೆರ್ಲಿಸ್ ತಲೆ ತಗ್ಗಿಸಿದ. “ಯಾವಾಗ ಗೊತ್ತಾಯ್ತು?”

“ಚುಕ್ಕೆಗೂ ಟಿಂಗ್ ಅಂತಲ್ಲಾ, ಆವಾಗ. ಅಲ್ವೋ, ಇಲ್ಲಿ ನೋಡಿದ್ರೆ ಇರುವೆಗೂ ದಾರಿ ಬಿಡ್ತೀಯ. ಅಲ್ಲೇನೋ ಬಂದಿರತ್ತೆ ನಿಂಗೆ?”

“ಅಲ್ಲಿ ಎಲ್ರೂ ಹಂಗೇ ಕಣೇ. ನಾನು ಮೊದಲ್ನೇ ಸಲ ಕೇಳಿದಾಗ ನನ್ನ ಹಿಟ್ಟು ಮಾಡಿ ಬಿಟ್ಟಿದ್ರು. ಹಂಗೇ ಮಾತಾಡ್ಬೇಕು ಅಂದ್ಕೊಂಡೆ. ಆಮೇಲೆ ಅಭ್ಯಾಸ ಆಗೋಯ್ತು.”

“ಬಿಟ್ಟುಬಿಡು ಆ ಅಭ್ಯಾಸ. ಮೊದ್ಲು ಬೀಗ ತೆಗಿ.”

ದೆರ್ಲಿಸ್ ಬೀಗ ತೆಗೆದ. ತೆಗೆದು, ಹಣೆಯ ಬೆವರು ಒರೆಸಿಕೊಳ್ಳುತ್ತ ಬರೆದ: ‘ಮೈನುಂಬಿಯವರಲ್ಲಿ ಕ್ಷಮೆ ಕೋರುತ್ತೇನೆ. ಪ್ರಶ್ನೆ ಒಳ್ಳೆಯದಿತ್ತು, ನಾನು ಓದದೆ ಬೈದೆ. ಕೋಡ್ ಬರೆದವರಲ್ಲೂ ಕ್ಷಮೆಯಿರಲಿ.’

ಅಂಗಳದಲ್ಲಿ ಗದ್ದಲವೆದ್ದಿತು. ‘ಪೊಂಬೆರೊ ಕ್ಷಮೆ ಕೇಳಿದನೇ? ಖಾತೆ ಕಳುವಾಗಿದೆ!’ ‘ಯಾರೂ ಅವನು ಕಳಿಸಿದ್ದನ್ನು ಒತ್ತಬೇಡಿ!’ ಇನ್ನೊಬ್ಬ ಮೇಲ್ವಿಚಾರಕ ಓಡಿಬಂದು ಪೊಂಬೆರೊನನ್ನೇ ಹೊರಹಾಕಿದ.

“ಅಯ್ಯೋ, ನಂಗೇ ಬೀಗ ಹಾಕಿದ್ರು!” ಎಂದ ದೆರ್ಲಿಸ್.

ಸುನಿಲ್ದಾ ನಗು ತಡೆದು ಅಂಗಳದಲ್ಲಿ ಬರೆದಳು: ‘ಕಳುವಾಗಿಲ್ಲ. ಆ ಮನುಷ್ಯ ನನ್ನ ಪಕ್ಕದಲ್ಲೇ ಕೂತಿದ್ದಾನೆ.’ ಯಾರು ನಂಬುತ್ತಾರೆ? ಅವನು ನಿಜವಾದ ಪೊಂಬೆರೊ ಆಗಿದ್ದರೆ ಯಾವುದಾದರೂ ಕೋಡನ್ನು ಬೈದು ತೋರಿಸಲಿ ಎಂದರು. ಅವಳು ಅಂದಿನ ತನ್ನ ಸಾಲನ್ನೇ ಹಾಕಿ ಕೀಬೋರ್ಡನ್ನು ಅವನತ್ತ ತಳ್ಳಿದಳು.

“ನಿನ್ನ ಎದುರಿಗೇನಾ? ಆಗಲ್ಲ ಕಣೇ.”

“ಬೈಯೋ, ನಾಚ್ಕೋಬೇಡ. ಮೇಲ್ವಿಚಾರಕನ ಕೆಲಸ ಹೋಗ್ತಿದೆ ನಿಂದು.”

ದೆರ್ಲಿಸ್ ಕಣ್ಣು ಮುಚ್ಚಿ ಉಸಿರೆಳೆದುಕೊಂಡು ಬರೆದ: ‘ಈ ಸಾಲು ಬರೆದವರು ಚಿಕ್ಕ ನ್ಯ ಕಂಡರು, ದೊಡ್ಡ ನ್ಯ ಕಾಣಲಿಲ್ಲ. ನಾಳೆ ಯಾರಾದರೂ ಹೆಸರನ್ನು ದೊಡ್ಡಕ್ಷರದಲ್ಲಿ ಹೊಡೆದರೆ ಮತ್ತೆ ಒಂದನೇ ಸೀಟು. ಅರ್ಧ ಬಾಗಿಲು ಕಟ್ಟಿ ಮನೆಗೆ ಹೋದ ಬಡಗಿ ಇವರು.’

‘ಇವನೇ, ಇವನೇ!’ ಎಂದು ಅಂಗಳ ಕುಣಿದು ಅವನನ್ನು ಮತ್ತೆ ಒಳಬಿಟ್ಟಿತು. ಸುನಿಲ್ದಾ ಓದಿ ಬೆಚ್ಚಿದಳು, ಮಾತು ನಿಜವಾಗಿತ್ತು. ದೊಡ್ಡ ನ್ಯ ಸೇರಿಸಿದ ಮೇಲೆಯೇ ಅವಳು ಉಸಿರುಬಿಟ್ಟದ್ದು.

ಈ ಗಲಾಟೆಯ ನಡುವೆ ದೋನ್ ಎವುಲಾಲಿಯೊ ಎಂಬುವವರು ಮೊದಲ ಬಾರಿಗೆ ಅಂಗಳಕ್ಕೆ ಕಾಲಿಟ್ಟರು. ಅವರ ಪ್ರತಿ ವಾಕ್ಯವೂ ಕೂಗಿನಂತಿತ್ತು. ‘ಆ ಕೋಡ್ ಬರೆದವನು ನಾನು! ಮಾಲೀಕ ಊಟಕ್ಕೆ ಬಿಡದೆ ಬರೆಸಿದ! ಮುಂದೆ ಕಂಡ ಊಟದ ಡಬ್ಬಿಯಲ್ಲಿ ಏನಿತ್ತೋ ಅದರ ಹೆಸರಿಟ್ಟೆ! ಇಂದಿಗೂ ಓಡುತ್ತಿದೆ! ನಗುವ ಮಹಾಶಯರೇ, ನೀವು ಬರೆದದ್ದು ಮುಂದಿನ ಕಾರ್ನಿವಾಲ್‌ವರೆಗಾದರೂ ಓಡಲಿ, ಆಮೇಲೆ ಮಾತಾಡೋಣ!’

ಸುನಿಲ್ದಾ ಕೇಳಿದಳು: ‘ದೋನ್, ಮಳೆ ನಿಂತ ಮೇಲೆ ಸರಿಮಾಡುವೆ ಅಂದಿದ್ದಿರಲ್ಲ?’

‘ಮಳೆ ನಿಂತಿತು ಮಗಳೇ! ಬಿಸಿಲು ಬಂತು! ಬಿಸಿಲಲ್ಲಿ ಯಾರು ಕೆಲಸ ಮಾಡುತ್ತಾರೆ!’

ಅಂದಿನಿಂದ ಮೈನುಂಬಿ ಅಂಗಳದಲ್ಲಿ ಬಾಯಿ ಬಿಡುತ್ತಾಳೆ. ಪೊಂಬೆರೊ ಮೇಲ್ವಿಚಾರಕನಾಗಿಯೇ ಉಳಿದಿದ್ದಾನೆ. ಆದರೆ ಯಾರಿಗೇ ಉತ್ತರ ಬರೆದರೂ ಕಳುಹಿಸುವ ಮುನ್ನ ಕಚೇರಿಯಲ್ಲಿ ಗಟ್ಟಿಯಾಗಿ ಓದಬೇಕೆಂದು ಸುನಿಲ್ದಾ ಕಟ್ಟಳೆ ಮಾಡಿದ್ದಾಳೆ. ಅವನು ಓದುತ್ತಾನೆ. ಪ್ರೋಗ್ರಾಂ ಎಂದರೇನೆಂದೇ ತಿಳಿಯದ ಎವಾಂಗೆಲಿನಾ ಅಕ್ಕ ಲೆಕ್ಕ ಬರೆಯುತ್ತಲೇ ಕೇಳಿಸಿಕೊಂಡು, “ಆ ‘ಕತ್ತೆ’ ಅನ್ನೋದು ತೆಗಿಯಪ್ಪ,” ಎನ್ನುತ್ತಾರೆ.

“ಅಕ್ಕ, ಕತ್ತೆ ತೆಗೆದ್ರೆ ವಾಕ್ಯದಲ್ಲಿ ಏನೂ ಉಳಿಯಲ್ಲ!”

“ಹಂಗಾದ್ರೆ ಕಳಿಸ್ಲೇಬೇಡ,” ಎಂದು ಅಕ್ಕ ಪುಟ ಮಗುಚುತ್ತಾರೆ.