ಎಂಟೂ ಒಂಬತ್ತೂ ಕೂಡಿದರೆ ಒಂಬತ್ತೂವರೆ

ಎಡ್ಮಂಟನ್ನಿನ ಆ ಎಂಜಿನಿಯರಿಂಗ್ ಕಚೇರಿಯಲ್ಲಿ ಯಾವ ಲೆಕ್ಕವೂ ಮೂರು ಜನರ ಕಣ್ಣಿಗೆ ಬೀಳದೆ ಹೊಸ್ತಿಲು ದಾಟುವಂತಿಲ್ಲ. ಒಬ್ಬ ಲೆಕ್ಕ ಮಾಡಬೇಕು, ಇನ್ನೊಬ್ಬ ಸ್ವತಂತ್ರವಾಗಿ ಮಾಡಿ ನೋಡಬೇಕು, ಮೂರನೆಯವನು ಎರಡನ್ನೂ ತಾಳೆ ನೋಡಿ ಸರಿಯಿದ್ದ ಅಂಕಿಗಳ ಮೇಲೆ ಹಳದಿ ಬಣ್ಣ ಬಳಿಯಬೇಕು. ಕೇಳುವುದಕ್ಕೆ ಎಷ್ಟು ಚೆಂದ! ಆದರೆ ಮೂವರೂ ತೆರೆಯುವುದು ಕಂಪ್ಯೂಟರಿನ ಒಂದೇ ಫೈಲನ್ನು. ವೆಂಡೆಲ್ ಓಲ್ಸನ್ ಎಂಬ ಹಿರಿಯರು ಮೂವತ್ತು ವರ್ಷದ ಹಿಂದೆ ಮಾಡಿಟ್ಟದ್ದು ಅದು. ಅವರು ನಿವೃತ್ತಿಯಾಗಿ ಮೀನು ಹಿಡಿಯಲು ಹೋದರು, ಫೈಲು ಮಾತ್ರ ನಿವೃತ್ತಿಯಾಗಲಿಲ್ಲ. ಮೂವರಿಗೂ ಒಂದೇ ಉತ್ತರ ಬಂದರೆ ಅದರಲ್ಲೇನು ಮಣ್ಣು ಆಶ್ಚರ್ಯ?

ಡಾರಿಯಾ ಕೊವಾಲಿಕ್‌ಗೆ ಎಂಜಿನಿಯರಿನ ಮೊಹರು ಸಿಕ್ಕಿ ಮೂರು ತಿಂಗಳಾಗಿತ್ತು. ಒತ್ತಿದ ಮೇಲೆ ಹೊಣೆ ಅವಳ ತಲೆಯ ಮೇಲೆ. ಮೊದಲ ಮೊಹರಿಗೆ ಬಂದು ಕೂತದ್ದು ಒಂದು ಕುಲುಮೆಗೆ ಹೋಗುವ ಅನಿಲದ ಮೀಟರು. ಏಳು ಪಾಲು ಹೈಡ್ರೋಜನ್, ಮೂರು ಪಾಲು ಪ್ರೊಪೇನ್. ಸಣ್ಣ ಸಣ್ಣ ಕೊಳವೆಗಳಲ್ಲಿ ಅದು ಎಷ್ಟು ಹರಿಯಿತೆಂದು ತಿಳಿಯಬೇಕಾದರೆ ಅದರ ಜಿಗುಟೆಷ್ಟೆಂದು, ಅಂದರೆ ಹರಿಯಲು ಅದು ಎಷ್ಟು ತಡೆಯುತ್ತದೆಂದು, ಮೊದಲು ಗೊತ್ತಿರಬೇಕು. ಹೈಡ್ರೋಜನ್ನಿನದು ಒಂಬತ್ತರ ಹತ್ತಿರ, ಪ್ರೊಪೇನಿನದು ಎಂಟರ ಹತ್ತಿರ. ಫೈಲು ಸರಾಸರಿ ತೆಗೆದು ಎಂಟೂಮುಕ್ಕಾಲು ಎಂದಿತು. ಡಾರಿಯಾ ಕೈಯಲ್ಲೇ ಲೆಕ್ಕ ಹಾಕಿದಳು. ಒಂಬತ್ತೂವರೆ ಬಂತು. ಮೂರು ಸಲ ಹಾಕಿದರೂ ಅಷ್ಟೇ.

ವಿಭಾಗದ ಮುಖ್ಯಸ್ಥ ಬ್ರೆಂಟ್ ಫ್ರೀಸನ್ ಸಭೆ ಕರೆದ.

"ನೋಡಮ್ಮ ಡಾರಿಯಾ, ಎಂಟೂ ಒಂಬತ್ತೂ ಕಲೆಸಿದ್ರೆ ಒಂಬತ್ತೂವರೆ ಹೇಗಾಗುತ್ತೆ? ಹಾಲಿಗೆ ನೀರು ಹಾಕಿದ್ರೆ ಹಾಲು ಗಟ್ಟಿಯಾಗುತ್ತಾ?"

"ಇದು ಹಾಲಲ್ಲ, ಬ್ರೆಂಟ್. ಹೈಡ್ರೋಜನ್ ಕಣ ತೀರಾ ಹಗುರ. ಭಾರದ ಪ್ರೊಪೇನ್ ಸ್ವಲ್ಪ ಸೇರಿದ್ರೂ ಸಾಕು, ಆಮೇಲೆ ಅದರದ್ದೇ ದರ್ಬಾರು. ಪ್ರಯೋಗ ಮಾಡಿ ಅಳೆದವರ ಪಟ್ಟಿಯಲ್ಲೂ ಹೀಗೇ ಇದೆ."

"ಮೂರು ಜನ ನೋಡಿ ಹಳದಿ ಬಳಿದಿದ್ದಾರಲ್ಲ?"

"ಮೂರು ಜನವೂ ಸೇದಿದ್ದು ಒಂದೇ ಬಾವಿ ನೀರು."

ಬ್ರೆಂಟ್ ತನ್ನ ಕಿರುಬೆರಳಿನ ಕಬ್ಬಿಣದುಂಗುರ ತಿರುಗಿಸುತ್ತಾ ಯೋಚಿಸಿದ. ಓದು ಮುಗಿಸಿದ ದಿನ ಹೊಣೆ ಮರೆಯಬಾರದೆಂದು ಇಲ್ಲಿ ಎಲ್ಲ ಎಂಜಿನಿಯರುಗಳಿಗೂ ತೊಡಿಸುವ ಉಂಗುರ ಅದು. ಅವನಿಗೆ ಮಾತ್ರ ಅದು ಯೋಚಿಸುವಾಗ ತಿರುಗಿಸಲಷ್ಟೇ ಉಪಯೋಗಕ್ಕೆ ಬರುತ್ತಿತ್ತು.

"ಸರಿ, ನಿನ್ನದೂ ಬೇಡ, ಫೈಲಿನದೂ ಬೇಡ. ಎರಡರ ಸರಾಸರಿ ಹಾಕೋಣ."

ಎಲ್ಲರೂ ತಲೆಯಾಡಿಸಿದರು. ಅಯ್ಯೋ ದೇವರೇ, ಸರಾಸರಿಯಿಂದ ಬಂದ ರೋಗಕ್ಕೆ ಸರಾಸರಿಯೇ ಮದ್ದು! ಡಾರಿಯಾ ಒಲ್ಲೆ ಎಂದಳು.

"ಹಾಗಾದ್ರೆ ವೆಂಡೆಲ್‌ನ ಕರೆಸಿ ಮೊಹರು ಒತ್ತಿಸ್ತೀನಿ, ಅವರ ಮೊಹರು ಇನ್ನೂ ಚಾಲ್ತಿಯಲ್ಲಿದೆ. ಸೋಮವಾರದಿಂದ ನೀನು ಚರಂಡಿ ವಿಭಾಗ ನೋಡ್ಕೋ. ಅಲ್ಲಿ ಹೈಡ್ರೋಜನ್ ಕಾಟ ಇಲ್ಲ."

ಅವಳಿಗೆ ಹೆದರಿಕೆಯಾಯಿತು. ಈ ಕೆಲಸಕ್ಕಾಗಿ ಆರು ವರ್ಷ ಒದ್ದಾಡಿದ್ದಳು. ಆದರೆ ಜಿಗುಟನ್ನು ಕಡಿಮೆ ಹಿಡಿದರೆ ಮೀಟರು ಇಲ್ಲದ ಅನಿಲವನ್ನು ಇದೆಯೆಂದು ತೋರಿಸುತ್ತದೆ. ಅದನ್ನು ನಂಬಿ ಕುಲುಮೆಗೆ ಗಾಳಿ ಹೆಚ್ಚು ಬಿಡುತ್ತಾರೆ, ಉರಿ ಆರುತ್ತದೆ, ಆರಿದ ಕುಲುಮೆಯಲ್ಲಿ ಅನಿಲ ತುಂಬುತ್ತದೆ. ಮುಂದಿನ ಕಿಡಿಯ ಹತ್ತಿರ ನಿಂತವನು ಬ್ರೆಂಟ್ ಆಗಿರುವುದಿಲ್ಲ.

ಮೂರೂವರೆಗೆ ವೆಂಡೆಲ್ ಬಂದರು. ಹಿಮದ ಬೂಟು ಬಿಚ್ಚದೆ, ಡಾರಿಯಾಳ ಹಾಳೆಗಳನ್ನು ನಿಂತೇ ಓದಿದರು. ಆಮೇಲೆ ತಮ್ಮ ಫೈಲನ್ನು ನೋಡಿದರು.

"ಮೊದಲನೇ ಸಾಲೆಲ್ಲಿ? ಹೈಡ್ರೋಜನ್ ಇದ್ದರೆ ಇದನ್ನ ಬಳಸಬೇಡಿ ಅಂತ ಬರೆದಿದ್ದೆ."

"ಅದಾ?" ಎಂದ ಬ್ರೆಂಟ್. "ಅದಿದ್ರೆ ಪ್ರಿಂಟು ಎರಡನೇ ಹಾಳೆಗೆ ಹೋಗ್ತಿತ್ತು. ಕಾಣದ ಹಾಗೆ ಮುಚ್ಚಿಟ್ವಿ."

"ಹುಡುಗಿ ಲೆಕ್ಕ ಸರಿಯಾಗಿದೆ. ಒಂಬತ್ತೂವರೆ."

"ಹಾಗಾದ್ರೆ ಒಂಬತ್ತೂವರೆನೇ ಇರ್ಲಿ ಬಿಡಿ. ಮುಗೀತಲ್ಲ."

ಡಾರಿಯಾ ಹೇಳಿದಾಗ ಹಾಲು ನೀರಿನ ತಮಾಷೆಯಾಗಿದ್ದ ಅಂಕಿ ವೆಂಡೆಲ್ ಬಾಯಿಂದ ಬಂದ ಕೂಡಲೇ ವಿಜ್ಞಾನವಾಯಿತು. ಸಭೆಯ ಟಿಪ್ಪಣಿಯಲ್ಲಿ 'ಡಾರಿಯಾಳ ಗೊಂದಲವನ್ನು ಶ್ರೀ ಓಲ್ಸನ್ ಬಗೆಹರಿಸಿದರು' ಎಂದು ಬ್ರೆಂಟ್ ಬರೆಸಿದ. ಅವಳು ಅದನ್ನು ಎರಡು ಸಲ ಓದಿದಳು. ಆದರೂ ಒಂಬತ್ತೂವರೆಯ ಹಾಳೆಗೆ ಮೊಹರು ಒತ್ತಿದಳು. ಒತ್ತಿದ ಮೇಲೆ ಕೇಳಿದಳು:

"ಆ ಸಾಲು ಮುಚ್ಚಿ ಎಷ್ಟು ವರ್ಷ ಆಯ್ತು?"

"ಹನ್ನೊಂದೋ ಹನ್ನೆರಡೋ," ಎಂದ ಬ್ರೆಂಟ್.

"ಅಲ್ಲಿಂದೀಚೆಗೆ ಹೈಡ್ರೋಜನ್ ಇರೋ ಮೀಟರು ಎಷ್ಟು ಹೋಗಿವೆ?"

ವೆಂಡೆಲ್ ನಿಧಾನವಾಗಿ ಹೇಳಿದರು: "ನಾನು ಇದ್ದಾಗಲೇ ಆರು. ಮೊಹರು ನನ್ನದೇ. ನನ್ನ ಫೈಲು ಅನ್ನೋ ಸೊಕ್ಕಿಗೆ ನೋಡದೆ ಒತ್ತಿದೆ."

"ಅವಸರ ಬೇಡ," ಎಂದ ಬ್ರೆಂಟ್. "ಒಂದು ಸಮಿತಿ ಮಾಡೋಣ. ಇಷ್ಟು ವರ್ಷ ಏನೂ ಆಗಿಲ್ಲ, ಸರಾಸರಿ ನೋಡಿದ್ರೆ..."

ಡಾರಿಯಾ ಆಗಲೇ ಹಳೆಯ ಕಡತ ತೆರೆದು ಮೊದಲ ಕಾರ್ಖಾನೆಗೆ ಫೋನು ಹಚ್ಚಿದ್ದಳು. ಕುಲುಮೆಯ ಪಾಳಿಯವನು ಎತ್ತಿಕೊಂಡ. ಸ್ಪೀಕರಿನಲ್ಲಿ ಎಲ್ಲರಿಗೂ ಕೇಳುತ್ತಿತ್ತು.

"ಏನಮ್ಮ, ನಿಮ್ಮ ಕಡೆ ಏನಾದ್ರೂ ತೊಂದರೆನಾ?"

"ತೊಂದರೆ ನಿಮ್ಮ ಕಡೆ ಇದೆ. ಮಾಡಿದ್ದು ನಾವು. ಮೀಟರಿನ ಲೆಕ್ಕ ತಪ್ಪು. ಕುಲುಮೆ ನಿಲ್ಸಿ."

ಆ ಕಡೆ ಅವನು ಯಾರಿಗೋ ಕುಲುಮೆ ನಿಲ್ಲಿಸೆಂದು ಕೂಗಿದ.

"ಹೋದ ತಿಂಗಳು ಎರಡು ಸಲ ಉರಿ ತಾನಾಗೇ ಆರಿತ್ತು," ಎಂದ ಅವನು. "ನಾವು ಮತ್ತೆ ಹಚ್ಚಿದ್ವಿ."

ವೆಂಡೆಲ್ ಕುರ್ಚಿ ಎಳೆದುಕೊಂಡು ಕೂತರು. ಪಕ್ಕದ ಮೇಜಿನ ಫೋನನ್ನು ಹತ್ತಿರ ಸರಿಸಿಕೊಂಡು, ಎರಡನೆಯ ನಂಬರು ಹೇಳಮ್ಮ ಎಂದರು.