ಎಡ ಅಂಗೈಯ ಭಾರ

ಹಣೆಯ ವಿಭೂತಿ ಒಣಗಿ ಚರ್ಮ ಬಿಗಿಯುತ್ತಿದೆ, ಎಡ ಅಂಗೈಯಲ್ಲಿ ಇಷ್ಟಲಿಂಗ ತಣ್ಣಗಿದೆ, ಆದರೆ ಇಷ್ಟು ಭಾರ ಯಾವತ್ತೂ ಇರಲಿಲ್ಲ, ಮೊಣಕೈಯಿಂದ ಕಿರುಬೆರಳಿನವರೆಗೆ ಯಾರೋ ಒದ್ದೆ ಬಟ್ಟೆ ಹಿಂಡುತ್ತಿರುವ ಹಾಗೆ — ಹುಡುಗನಾಗಿದ್ದಾಗಿನಿಂದ ದಿನವೂ ಎತ್ತಿ ಹಿಡಿದ ಕೈ, ಸವೆಯದೆ ಏನಾದೀತು, ಹೆಂಡತಿ ಶಿವಲಿಂಗವ್ವನಿಗೂ ಅದೇ ಸರಿ ಅನ್ನಿಸಿತ್ತು, ಪೂಜಿ ಮಾಡಿ ಮಾಡಿ ಕೈ ದಣದೈತ್ರಿ, ಎಣ್ಣಿ ಹಚ್ಚತೇನಿ ತಡೀರಿ, ಅವಳ ದನಿಯಲ್ಲಿ ಹೆಮ್ಮೆ ಇತ್ತು, ನನಗೂ ಇತ್ತು, ಸುಳ್ಳೇಕೆ. ದುರ್ಗದಬೈಲಿನ ನನ್ನ ಪಾತ್ರೆ ಅಂಗಡಿಯಲ್ಲಿ ಅಟ್ಟ ಹತ್ತಿದರೂ ಇದೇ ನೋವು, ದವಡೆಗೂ ಏರುತ್ತದೆ, ಕೂತರೆ ಇಳಿಯುತ್ತದೆ, ಹಲ್ಲು ಕೀಳಿಸಿದೆ, ಹಲ್ಲು ಹೋಯಿತು, ನೋವು ಉಳಿಯಿತು — ನರ್ಸಿಂಗ್ ಓದುವ ಮಗಳು ಸೌಮ್ಯಾ ಫೋನಿನಲ್ಲಿ ಬೈದಳು, ಅಪ್ಪಾ, ಅದು ಕೈದೂ ಅಲ್ಲ ಹಲ್ಲಿಂದೂ ಅಲ್ಲ, ಎದಿ ನೋವು ಅಲ್ಲೆಲ್ಲ ತೋರಸತೈತಿ, ಮೊದಲ ಇಸಿಜಿ ಮಾಡಸು, ನಾನು ನಕ್ಕೆ, ತನ್ನ ನೋವು ಹೇಳಾಕ ಎದಿಗೆ ಬರೂದಿಲ್ಲೇನವಾ, ಕೈ ಕಡೆ ಹೇಳಿ ಕಳಸತೈತೇನು, ನಗಬ್ಯಾಡ, ನಾಳೆ ಬಂದು ಎಳಕೊಂಡ ಹೋಗತೇನಿ ಅಂದಳು, ನಾಳೆ ಅಂದರೆ ಇವತ್ತು. ಎದೆ ನೋಯುತ್ತಿಲ್ಲ, ಈಗಲೂ ಇಲ್ಲ, ಬರೀ ಬೆವರು, ಪೂಜಾಕೋಣೆಯಲ್ಲಿ ಫ್ಯಾನ್ ಇಲ್ಲ, ಅದಕ್ಕೆ ಬೆವರು, ಆದರೆ ಬೆವರು ಇಷ್ಟು ತಣ್ಣಗೇಕೆ — ಲಿಂಗ ಕೈಯಿಂದ ಜಾರಿ ಬಿದ್ದರೆ ಆಮೇಲೆ ಬದುಕಿ ಏನು, ಬೆರಳು ಮಡಿಸು, ಮಡಿಯುತ್ತಿಲ್ಲ, ಕೆಳಗೆ ಬಲಗೈಯ ಆಸರೆ ಕೊಟ್ಟೆ, ಹೆಂಡತಿಯನ್ನು ಕರೆಯಬೇಕು, ಪೂಜೆಯ ನಡುವೆ ಬಾಯಿ ಬಿಟ್ಟವನಲ್ಲ ನಾನು, ಆದರೂ ಕರೆದೆ, ಏ ಇಕಿನ, ಬಾ ಇಲ್ಲೆ — ದವಡೆ ಕಲ್ಲಾಗಿದೆ, ಉಸಿರಷ್ಟೇ ಹೊರಟಿತು. ಹಿಂದೆ ಚಪ್ಪಲಿ ಬಿಟ್ಟ ಸದ್ದು, ಬಂದಳು, ಸೌಮ್ಯಾ ಬಂದಳು, ಅಪ್ಪಾ, ಲಗೂ ಏಳು, ಆಟೋ ನಿಲ್ಲಿಸಿ ಬಂದೇನಿ, ಹೊಸ್ತಿಲಲ್ಲೇ ನಿಂತಿದ್ದಾಳೆ, ಅವಳಿಗೆ ಕಾಣುವುದು ನನ್ನ ಬೆನ್ನು, ಬರೀ ಬೆನ್ನು, ತಿರುಗು, ತಿರುಗಲಾಗುತ್ತಿಲ್ಲ, ಶ್, ಪೂಜಿಯಾಗ ಮಾತಾಡಸಬ್ಯಾಡ, ಇದು ಶಿವಲಿಂಗವ್ವ, ನೋಡಲ್ಲೆ, ಇವತ್ತ ಎಷ್ಟ ಅಲುಗದಂಗ ಕುಂತಾರ, ಆಟೋದವನ್ನ ಕಳಸಿಬಿಡು, ನೀ ಚಾ ಕುಡಿ ಬಾ — ಎದುರಿನ ಪಟದ ಗಾಜಿನಲ್ಲಿ ಕಾಣುತ್ತಿದೆ, ಶಿವಲಿಂಗವ್ವನ ಹಸಿರು ಬಳೆಯ ಕೈ, ಸದ್ದಾಗದಂತೆ ಬಾಗಿಲು ಎಳೆಯುತ್ತಿರುವ ಕೈ, ಬೆಳಕಿನ ಪಟ್ಟಿ, ಕೈ, ಬೆಳಕು ಗೀಟಿನಷ್ಟು, ಬಳೆ ಸದ್ದು ಮಾಡದಂತೆ ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದಾಳೆ, ಬಾಗಿಲು, ಹಸಿರು ಬಳೆ, ಬಾಗಿಲು