ಬಿಳಿ ದಾರದ ಹೊಲಿಗೆ

ಒಬ್ಬ ಮನುಷ್ಯ ಹೆಂಡತಿಯ ಕಣ್ಣೆದುರೇ ತಿಂಗಳುಗಟ್ಟಲೆ ಸವೆದುಹೋದರೂ ಅವಳಿಗೆ ಕಾಣಲಿಲ್ಲ ಎಂದರೆ ನಂಬುತ್ತೀರಾ? ದರ್ಜಿಯ ಮನೆಯಾದರೆ ನಂಬಲೇಬೇಕು. ಬೇರೆ ಮನೆಯಾಗಿದ್ದರೆ ಪ್ಯಾಂಟು ಜಾರುತ್ತಿತ್ತು, ಅಂಗಿ ಜೋಲುತ್ತಿತ್ತು, ಹೆಂಡತಿ ಬಾಯಿ ಮಾಡಿ ಆಸ್ಪತ್ರೆಗೆ ಎಳೆದುಕೊಂಡು ಹೋಗುತ್ತಿದ್ದಳು. ಈ ಮನೆಯಲ್ಲಿ ಏನೂ ಜಾರಲಿಲ್ಲ, ಏನೂ ಜೋಲಲಿಲ್ಲ. ಅಪ್ಪನ ಮೈ ಇಳಿದ ಹಾಗೆಲ್ಲ ಮಗಳು ಬಟ್ಟೆಯನ್ನು ಒಳಗೆ ಹಿಡಿದು ಹೊಲಿದುಕೊಡುತ್ತಾ ಬಂದಳು.

ಅಂಗಡಿ ಇದ್ದದ್ದು ಮನೆಯ ಮುಂದಿನ ಕೋಣೆಯಲ್ಲೇ. ಎರಡು ಮಷಿನು, ಒಂದು ಕತ್ತರಿಸುವ ಮೇಜು, ಗೋಡೆಯ ಮೊಳೆಗಳಿಗೆ ತೂಗುಹಾಕಿದ ಅರೆಬರೆ ಬಟ್ಟೆಗಳು. ಎಪ್ಪತ್ತು ದಾಟಿದ ಅಪ್ಪ ಕಿಟಕಿಯ ಹತ್ತಿರದ ಮಷಿನಿನಲ್ಲಿ ಕೂರುತ್ತಿದ್ದ, ಮಗಳು ಬಾಗಿಲ ಹತ್ತಿರದ್ದರಲ್ಲಿ. ಚಿಕ್ಕಂದಿನಿಂದ ಅವಳ ಮಾತು ಚುಚ್ಚುತ್ತಿದ್ದುದರಿಂದ ಅಪ್ಪ ಅವಳನ್ನು 'ಸೂಜಿ' ಎಂದೇ ಕರೆಯುತ್ತಿದ್ದ. ಈಗ ನಲವತ್ತು ದಾಟಿ ತಲೆಯಲ್ಲಿ ಬಿಳಿಕೂದಲು ಬಂದರೂ ಸೂಜಿ ಸೂಜಿಯೇ.

"ಸೂಜಿ, ಇದು ಸೊಂಟದಲ್ಲಿ ನಿಲ್ತಿಲ್ಲ. ಸ್ವಲ್ಪ ಹಿಡಿದುಕೊಡೇ," ಎಂದು ಅಪ್ಪ ಮೊದಲ ಸಲ ಕಂದು ಬಣ್ಣದ ಪ್ಯಾಂಟು ತಂದಾಗ ಅವಳು ಟೇಪು ಸುತ್ತಿ ನೋಡಿ ನಕ್ಕಳು.

"ಏನಪ್ಪಾ, ಈ ವಯಸ್ಸಲ್ಲಿ ಮದುಮಗನ ಸೊಂಟ ಮಾಡ್ಕೊಂಡಿದ್ದೀಯ? ಎಲ್ಲಾದ್ರೂ ಹೆಣ್ಣು ನೋಡಿಟ್ಟಿದ್ದೀಯ ಹೇಗೆ?"

"ನಿಧಾನಕ್ಕೆ ಮಾತಾಡು. ನಿಮ್ಮಮ್ಮನ ಕಿವಿಗೆ ಬಿದ್ರೆ ಹೆಣ್ಣಿನ ತಂಟೆಗಲ್ಲ, ನನ್ನ ಹೊಟ್ಟೆ ತಂಟೆಗೆ ಬರ್ತಾಳೆ. ಹೊತ್ತು ಗೊತ್ತಿಲ್ಲದೆ ಊಟ ತುರುಕ್ತಾಳೆ. ಅವಳಿಗೇನೂ ಹೇಳಬೇಡ."

ಅವಳು ಹೇಳಲಿಲ್ಲ. ಇದೇನು ದೊಡ್ಡ ಗುಟ್ಟೇ? ವಯಸ್ಸಾದವರು ಇಳಿಯುತ್ತಾರೆ, ಬಂದ ಗಿರಾಕಿಗಳಲ್ಲಿ ಎಷ್ಟೋ ಜನರನ್ನು ನೋಡಿದ್ದಳು. ಮತ್ತೆ ತಂದ, ಮತ್ತೆ ಹಿಡಿದುಕೊಟ್ಟಳು. ಮತ್ತೂ ತಂದ. "ಹೀಗೇ ಹೋದ್ರೆ ನಿನಗೆ ಮಕ್ಕಳ ಅಳತೆ ಸಾಕು," ಎಂದು ಛೇಡಿಸಿದಳು. ಅಳತೆ ಕೈಗೆ ಸಿಕ್ಕರೆ ಬಟ್ಟೆ ಅದಕ್ಕೆ ಕೂರಬೇಕು, ಅಷ್ಟೇ ಅವಳ ತಲೆಯಲ್ಲಿ ಓಡುತ್ತಿದ್ದದ್ದು. ಅಂಗಿಯ ಭುಜ ಹಿಡಿದಳು, ಕಾಲರು ಚಿಕ್ಕದು ಮಾಡಿದಳು. ಅಪ್ಪ ಬೀದಿಯಲ್ಲಿ ಹೋದರೆ ನೆರೆಮನೆಯವರು, "ಯಜಮಾನರೇ, ಬಟ್ಟೆ ಅಂದ್ರೆ ನಿಮ್ಮ ಮೈಮೇಲೆ ನೋಡಬೇಕು," ಎನ್ನುತ್ತಿದ್ದರು. ಹಾಳು ಹೆಮ್ಮೆ! ಅದನ್ನು ಕೇಳಿ ಅವಳಿಗೆ ಹಿಗ್ಗಾಗುತ್ತಿತ್ತು.

ಆಮೇಲೆ ಅಪ್ಪನ ತೋಳಿನ ಮೇಲೆ ಎಲ್ಲೂ ತಗಲದೆಯೇ ನೀಲಿ ಕಲೆಗಳು ಮೂಡಿದವು. ಹಲ್ಲುಜ್ಜಿದರೆ ಒಸಡಿನಿಂದ ರಕ್ತ. ಒಂದು ಬೆಳಿಗ್ಗೆ ಇಸ್ತ್ರಿಪೆಟ್ಟಿಗೆ ಎತ್ತಲು ಹೋದವನು ಮೇಜಿನ ಬುಡದಲ್ಲೇ ಕುಸಿದು ಕೂತ. ಅಲ್ಲಿಂದ ರಕ್ತ ಪರೀಕ್ಷೆ, ಬೆನ್ನಿನ ಕೆಳಗಿನ ಮೂಳೆಯಿಂದ ಮಜ್ಜೆ ತೆಗೆದು ಇನ್ನೊಂದು ಪರೀಕ್ಷೆ. ಕೊನೆಗೆ ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮನ ಎದುರು ಮೂವರೂ ಸಾಲಾಗಿ ಕೂತರು.

ಡಾಕ್ಟರಮ್ಮ ಮಾತು ತೇಲಿಸುವವಳಲ್ಲ. "ಇದು ರಕ್ತದ ಕ್ಯಾನ್ಸರು. ಮೂರು ದಾರಿ ಇದೆ," ಎಂದಳು. "ಒಂದು, ಗಟ್ಟಿ ಔಷಧಿ. ವಾರಗಟ್ಟಲೆ ಇಲ್ಲೇ ಇರಬೇಕು. ಕಾಯಿಲೇನ ಬುಡದಿಂದ ಕೀಳೋಕೆ ನೋಡುತ್ತೆ. ಆದ್ರೆ ದೇಹ ತಡೀದೇ ಹೋದ್ರೆ ಕಾಯಿಲೆಗಿಂತ ಮುಂಚೆ ಆ ಔಷಧೀನೇ ಮುಗಿಸಿಬಿಡಬಹುದು. ಎರಡನೇದು ಮೆದು ಔಷಧಿ. ಇಂಜೆಕ್ಷನ್ನು, ಮಾತ್ರೆ, ಮನೆಯಿಂದಾನೇ ಬಂದು ಹೋಗಬಹುದು. ಹಿಡಿತದಲ್ಲಿಡುತ್ತೆ, ಪೂರ್ತಿ ವಾಸಿ ಮಾಡುತ್ತೆ ಅಂತ ನಾನು ಮಾತು ಕೊಡಲ್ಲ. ಮೂರನೇದು, ಇದ್ಯಾವುದೂ ಬೇಡ ಅಂದ್ರೆ ರಕ್ತ ಕೊಟ್ಕೊಂಡು, ಜ್ವರ ನೋವು ನೋಡ್ಕೊಂಡು ಇರೋಷ್ಟು ದಿನ ನೆಮ್ಮದಿಯಾಗಿ ಇಡೋದು."

"ಮಗಳು ಹೇಳಿದ್ದಕ್ಕೆ ನಾನು ಸೈ," ಎಂದ ಅಪ್ಪ. ಅವನ ಕಣ್ಣು ಡಾಕ್ಟರಮ್ಮನ ಬಿಳಿ ಕೋಟಿನ ಕಾಲರಿನ ಮೇಲಿತ್ತು. ಒಂದು ಬದಿ ಸರಿಯಾಗಿ ಕೂತಿರಲಿಲ್ಲ.

"ಯಾವುದು ಅನ್ನೋದು ವಯಸ್ಸೊಂದೇ ನೋಡಿ ಹೇಳೋದಲ್ಲ. ಒಳಗೆ ಎಷ್ಟು ಕಸುವು ಉಳಿದಿದೆ ಅನ್ನೋದು ಮುಖ್ಯ. ತೂಕ ಯಾವಾಗಿನಿಂದ ಇಳೀತಿದೆ?"

"ಇಳಿದೇ ಇಲ್ಲ ಡಾಕ್ಟ್ರೇ!" ಅಮ್ಮ ಥಟ್ಟನೆ ಹೇಳಿದಳು. "ಮೊದಲಿಂದಾನೂ ಸಣ್ಣ ಮೈ ಇವರದ್ದು. ನೋಡಿ ಬೇಕಾದ್ರೆ, ಬಟ್ಟೆ ಹೇಗೆ ಕೂತಿದೆ."

ಡಾಕ್ಟರಮ್ಮ ಮಗಳ ಕಡೆ ತಿರುಗಿದಳು. ನಿಜ ಹೇಳಬೇಕೆಂದರೆ ಅಮ್ಮನ ಎದುರು ಹೇಳಬೇಕು. ಬಹಳ ದಿನದಿಂದ ಇಳಿಯುತ್ತಿದ್ದಾನೆ, ನಾನೇ ಟೇಪು ಹಿಡಿದು ಅಳೆದಿದ್ದೇನೆ, ಅಳೆದು ನಕ್ಕಿದ್ದೇನೆ ಎನ್ನಬೇಕು.

"ಈಗ... ಒಂದು ತಿಂಗಳಿಂದ ಸ್ವಲ್ಪ ಇಳಿದಿರಬಹುದು," ಎಂದಳು. "ಅಲ್ಲಿವರೆಗೂ ಆಳು ಗಟ್ಟಿ. ಎಲ್ಲಾ ಕೆಲಸ ತಾನೇ ಮಾಡ್ಕೊತಿದ್ದ."

"ಹಾಗಾದ್ರೆ ಇದು ಇತ್ತೀಚಿನದು. ಹೃದಯ ಚೆನ್ನಾಗಿದೆ, ಕಿಡ್ನಿನೂ ಪರವಾಗಿಲ್ಲ. ಗಟ್ಟಿ ಔಷಧೀನೂ ಯೋಚನೆ ಮಾಡಬಹುದು," ಎಂದಳು ಡಾಕ್ಟರಮ್ಮ.

ಒಂದು ಸುಳ್ಳು ಹೊರಬಿದ್ದ ಮೇಲೆ ಅದನ್ನು ವಾಪಸ್ಸು ನುಂಗುವುದು ಅಷ್ಟು ಸುಲಭವಲ್ಲ. ಮಗಳು ರಿಪೋರ್ಟುಗಳ ಕಟ್ಟು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಅಲೆದಳು. ಇನ್ನೂ ಎರಡು ಆಸ್ಪತ್ರೆ ಹತ್ತಿಳಿದಳು. ಒಬ್ಬ ಡಾಕ್ಟರು ಈ ವಯಸ್ಸಿಗೆ ಮೆದು ಔಷಧಿಯೇ ಮೇಲು ಎಂದ, ಇನ್ನೊಬ್ಬ ಮೈ ಗಟ್ಟಿ ಇದ್ದರೆ ಪ್ರಯತ್ನಪಡಬಹುದು ಎಂದ. ಎಲ್ಲರೂ ತಿರುಗಿಸಿ ಮುರುಗಿಸಿ ಕೇಳಿದ್ದು ಅದೇ ಪ್ರಶ್ನೆ. ಅವಳದ್ದೂ ಅದೇ ಉತ್ತರ, ಒಂದು ತಿಂಗಳಿಂದ. ಹೇಳಿ ಹೇಳಿ ಅದು ಎಷ್ಟು ನಯವಾಯಿತೆಂದರೆ ಹೇಳುವಾಗ ಎಲ್ಲೂ ತಡವರಿಸಲಿಲ್ಲ. ಚುಚ್ಚುತ್ತಿದ್ದದ್ದು ಆಮೇಲೆ, ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಾಗ.

ಗಟ್ಟಿ ಔಷಧಿಯೇ ಬೇಕೆಂದು ಅವಳು ಪಟ್ಟು ಹಿಡಿದಳು. ಯಾಕೆ? ಅಪ್ಪ ಉಳಿಯಲಿ ಎಂದು, ಅದು ಸರಿ. ಆದರೆ ಒಳಗೆ ಇನ್ನೊಂದಿತ್ತು. ಬುಡಸಮೇತ ವಾಸಿಯಾಗಿಬಿಟ್ಟರೆ ಆ ತಿಂಗಳುಗಳ ಲೆಕ್ಕ ಯಾರೂ ಕೇಳುವುದಿಲ್ಲ. ತನ್ನ ತಪ್ಪು ದೊಡ್ಡದು, ಅದಕ್ಕೆ ಔಷಧಿಯೂ ದೊಡ್ಡದೇ ಇರಲಿ. ಔಷಧಿ ಹೋಗುವುದು ಮಾತ್ರ ಅಪ್ಪನ ಮೈಗೆ ಎಂಬುದು ಅವಳಿಗೆ ಹೊಳೆಯದೆ ಇರಲಿಲ್ಲ. ಹೊಳೆದಾಗೆಲ್ಲ ಎದ್ದು ಏನಾದರೊಂದು ಕೆಲಸ ಹಚ್ಚಿಕೊಳ್ಳುತ್ತಿದ್ದಳು.

"ಅಪ್ಪಾ, ದೊಡ್ಡದೇ ಮಾಡಿಸೋಣ. ನೀನು ತಡ್ಕೊತೀಯ," ಎಂದಳು.

"ಆಯ್ತು ಕಣೇ, ಮಾಡಿಸು," ಎಂದ ಅಪ್ಪ, ದಾರ ಕಚ್ಚಿ ಕತ್ತರಿಸುತ್ತಾ. ಅಂಥ ಸಣ್ಣ ಕೆಲಸಕ್ಕೂ ಆಗ ಅವನಿಗೆ ಎರಡು ಸಲ ಕಚ್ಚಬೇಕಾಗುತ್ತಿತ್ತು.

ಆಸ್ಪತ್ರೆಗೆ ಸೇರಿಸಿದ ಬೆಳಿಗ್ಗೆ ಅಪ್ಪ ಹಾಕಿಕೊಂಡದ್ದು ಅದೇ ಕಂದು ಪ್ಯಾಂಟು. ಹೊರಗಿನ ಬೆಂಚಿನ ಮೇಲೆ ಕೂತಾಗಲೇ ಮಗ್ಗುಲು ಬದಲಾಯಿಸುತ್ತಿದ್ದ. "ಹಿಂದುಗಡೆ ಹೊಲಿಗೆ ಒತ್ತುತ್ತೆ ಸೂಜಿ. ಹಗ್ಗದ ಮೇಲೆ ಕೂತ ಹಾಗಾಗುತ್ತೆ," ಎಂದ. ಕೋಣೆಯಲ್ಲಿ ಅಮ್ಮ ಮಂಚದ ಪಕ್ಕದ ಕಪಾಟಿನಲ್ಲಿ ಬಾಚಣಿಗೆ, ನೀರಿನ ಬಾಟಲಿ, ಸೋಪು ಜೋಡಿಸಿಟ್ಟಳು. ನರ್ಸು ಆಸ್ಪತ್ರೆಯ ನಿಲುವಂಗಿ ಕೊಟ್ಟಳು. ಅಪ್ಪ ಪರದೆಯ ಹಿಂದೆ ಬಟ್ಟೆ ಬದಲಿಸಿ ಪ್ಯಾಂಟನ್ನು ಮಗಳ ಕೈಗೆ ಹಾಕಿದ.

ದರ್ಜಿಗಳು ಪ್ಯಾಂಟು ಮಡಿಸುವಾಗ ಒಳಗು ಹೊರಗು ಮಾಡಿ ಮಡಿಸುತ್ತಾರೆ, ಕೈ ತಾನಾಗಿ ಹೋಗುತ್ತದೆ. ಅವಳ ಕೈಯೂ ಹೋಯಿತು.

ಅಪ್ಪ ಕಲಿಸಿದ ಒಂದು ಪದ್ಧತಿ ಆ ಅಂಗಡಿಯಲ್ಲಿತ್ತು. ಬಟ್ಟೆ ಹಿಡಿಯುವಾಗ ಒಳಗೆ ಉಳಿದದ್ದನ್ನು ಕತ್ತರಿಸಬಾರದು, ಹಳೆಯ ಹೊಲಿಗೆಯನ್ನೂ ಬಿಚ್ಚಬಾರದು. ಗಿರಾಕಿ ಮತ್ತೆ ದಪ್ಪಗಾದರೆ ಎಲ್ಲಿಯವರೆಗೆ ಬಿಡಬೇಕು ಎಂಬುದು ಆ ಗೆರೆ ನೋಡಿದರೆ ತಿಳಿಯುತ್ತದೆ. ಪ್ಯಾಂಟಿನ ಹಿಂಭಾಗದಲ್ಲಿ ಒಂದರ ಪಕ್ಕ ಒಂದು ಗೆರೆ ಸಾಲುಗಟ್ಟಿ ನಿಂತಿದ್ದವು. ಮನೆಯವರ ಬಟ್ಟೆ ತಾನೇ ಎಂದು ಅವಳು ದಾರ ಸಹ ಬದಲಿಸಿರಲಿಲ್ಲ, ಆಗ ಮಷಿನಿನಲ್ಲಿ ಯಾವುದಿತ್ತೋ ಅದರಲ್ಲೇ ಓಡಿಸಿದ್ದಳು. ಕಪ್ಪು ದಾರ, ಈಚೆಗೆ ವಕೀಲರ ಕೋಟು ಹೊಲಿಯುವಾಗಿನದು. ನೀಲಿ, ಬಸ್ಸು ಡ್ರೈವರುಗಳ ಸಮವಸ್ತ್ರದ್ದು, ಆಗ ಚಳಿ ಬಿಟ್ಟಿರಲಿಲ್ಲ. ಬೂದಿ ಬಣ್ಣ, ಅದಕ್ಕೂ ಹಿಂದಿನದು. ಎಲ್ಲಕ್ಕಿಂತ ಆಚೆ, ಪ್ಯಾಂಟಿನ ಮೂಲ ಹೊಲಿಗೆಯ ಪಕ್ಕದಲ್ಲೇ, ಬಿಳಿ ದಾರದ ಗೆರೆ. ಶಾಲೆ ತೆರೆಯುವ ಮುಂಚೆ ಮಕ್ಕಳ ಬಿಳಿ ಅಂಗಿಗಳನ್ನು ರಾಶಿ ರಾಶಿ ಹೊಲಿದಿದ್ದಳಲ್ಲ, ಆಗಿನದು. ಮದುಮಗನ ಸೊಂಟ ಎಂದು ನಕ್ಕ ದಿನದ್ದು. ಈಗ ಮತ್ತೆ ಶಾಲೆ ತೆರೆಯುವ ಕಾಲ ಬಂದಿತ್ತು, ಅಂಗಡಿಯಲ್ಲಿ ಬಿಳಿ ಬಟ್ಟೆಯ ಥಾನು ಬಂದು ಬಿದ್ದಿತ್ತು.

ಒಂದು ತಿಂಗಳಂತೆ! ವರ್ಷವಾಗುತ್ತಾ ಬಂದಿತ್ತು.

ಅಷ್ಟರಲ್ಲಿ ಡಾಕ್ಟರಮ್ಮ ಒಳಗೆ ಬಂದಳು. ನರ್ಸಿನ ಕೈಯಲ್ಲಿ ಔಷಧಿಯ ತಟ್ಟೆ. "ಏನು ಯಜಮಾನರೇ, ಶುರು ಮಾಡೋಣ್ವಾ?"

"ಮಾಡಿ ತಾಯಿ, ಬೇಗ ಗುಣ ಮಾಡಿ," ಎಂದಳು ಅಮ್ಮ.

ಮಗಳ ಬೆರಳು ಬಿಳಿ ಗೆರೆಯ ಮೇಲೇ ಇತ್ತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಪ್ಯಾಂಟು ಮಡಿಸಿ ಚೀಲಕ್ಕೆ ಹಾಕಿದರೆ ಮುಗಿಯಿತು. ಅಪ್ಪ ತಡೆದುಕೊಂಡರೂ ತಡೆದುಕೊಳ್ಳಬಹುದು. ತಡೆಯದಿದ್ದರೆ ಕಾಯಿಲೆ ದೊಡ್ಡದಿತ್ತು ಎನ್ನುತ್ತಾರೆ, ಅವಳ ಹೆಸರು ಯಾರೂ ಎತ್ತುವುದಿಲ್ಲ.

"ನಿಲ್ಲಿ," ಎಂದಳು. "ನಾನು ಸುಳ್ಳು ಹೇಳಿದೆ."

ಒಳಗು ಹೊರಗಾದ ಪ್ಯಾಂಟನ್ನು ಮಂಚದ ಮೇಲೆ ಹರಡಿ ಒಂದೊಂದೇ ಗೆರೆಯ ಮೇಲೆ ಬೆರಳಿಟ್ಟು ಹೇಳಿದಳು. ಇದು ಯಾವಾಗಿನದು, ಅದು ಯಾವಾಗಿನದು. ಭಾರದ ಇಸ್ತ್ರಿಪೆಟ್ಟಿಗೆಯನ್ನು ತಾನೇ ಎತ್ತಿಕೊಡುತ್ತಿದ್ದದ್ದು, ಅಪ್ಪ ಮಧ್ಯಾಹ್ನವೆಲ್ಲ ಮಷಿನಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದದ್ದು, ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದು. ಅಮ್ಮನ ಮುಖ ನೋಡುವ ಧೈರ್ಯ ಅವಳಿಗಿರಲಿಲ್ಲ. ಬಿಳಿ ಗೆರೆಯಿಂದ ಕಪ್ಪು ಗೆರೆಯವರೆಗಿನ ಅಗಲವನ್ನು ಡಾಕ್ಟರಮ್ಮ ತನ್ನ ಬೆರಳುಗಳಿಂದಲೇ ಅಳೆದಳು. ನರ್ಸಿಗೆ ಕಣ್ಸನ್ನೆ ಮಾಡಿದಳು, ತಟ್ಟೆ ಹೊರಗೆ ಹೋಯಿತು.

"ಅಂದ್ರೆ ಇದು ಬಹಳ ಕಾಲದಿಂದ ಒಳಗೇ ಹೊಗೆಯಾಡ್ತಿತ್ತು," ಎಂದಳು ಡಾಕ್ಟರಮ್ಮ. "ಹಾಗೆ ಬಂದಿದ್ದು ಗಟ್ಟಿ ಔಷಧಿಗೆ ಅಷ್ಟು ಸುಲಭಕ್ಕೆ ಬಗ್ಗಲ್ಲ. ಇಷ್ಟು ಸವೆದಿರೋ ಮೈ ಅದನ್ನ ತಡೆಯೋದೂ ಕಷ್ಟ. ಇದು ಬೇಡ. ಎರಡನೇ ದಾರಿ ನೋಡೋಣ."

"ಮೊದಲೇ ಕರ್ಕೊಂಡು ಬಂದಿದ್ರೆ?" ಎಂದು ಮಗಳು ಕೇಳಿದಳು. ಕೇಳಬಾರದಿತ್ತು, ಕೇಳದೆ ಇರಲು ಆಗಲಿಲ್ಲ.

ಡಾಕ್ಟರಮ್ಮ ಪ್ಯಾಂಟನ್ನು ಮಡಿಸಿ ಅವಳ ಕೈಗೆ ಕೊಟ್ಟಳು. "ಬಂದಿದ್ರೆ ಒಂದಷ್ಟು ಸಮಯ ಸಿಗ್ತಿತ್ತೇನೋ. ಎಷ್ಟು ಅಂತ ನನಗೆ ಗೊತ್ತಿಲ್ಲ. ಏನೂ ವ್ಯತ್ಯಾಸ ಆಗ್ತಿರಲಿಲ್ಲ ಅಂತ ಸುಳ್ಳು ಹೇಳಲ್ಲ." ಆಮೇಲೆ ಮಂಚದ ಕಡೆ ತಿರುಗಿದಳು. "ಯಜಮಾನರೇ, ಇಷ್ಟು ದಿನ ಮಗಳು ಹೇಳಿದ್ದಾಯ್ತು. ನಿಮಗೇನು ಬೇಕು?"

"ನನಗೆ ಮನೆಯಿಂದ ಬಂದು ಹೋಗೋದೇ ಇಷ್ಟ," ಎಂದ ಅಪ್ಪ. "ಮಷಿನಿನ ಸದ್ದಿಲ್ಲದ ಕಡೆ ನನಗೆ ಹೊತ್ತು ಹೋಗಲ್ಲ."

"ಮತ್ತೆ ಮೊದಲೇ ಬಾಯಿ ಬಿಡೋಕೆ ಏನಾಗಿತ್ತಪ್ಪಾ ನಿನಗೆ?" ಮಗಳು ಕಿರುಚಿಯೇಬಿಟ್ಟಳು.

ಅಪ್ಪ ನಿಲುವಂಗಿಯ ಅಂಚನ್ನು ಬೆರಳಲ್ಲಿ ತಿಕ್ಕಿ ಹೊಲಿಗೆ ಪರೀಕ್ಷಿಸುತ್ತಿದ್ದ. "ನೀನು ಅಷ್ಟು ಓಡಾಡ್ತಿದ್ದೆಯಲ್ಲೇ. ಊಟ ಬಿಟ್ಟು, ನಿದ್ದೆ ಬಿಟ್ಟು. ಬೇಡ ಅಂದ್ರೆ ನಿನ್ನ ಮನಸ್ಸು ಮುರಿಯುತ್ತೆ ಅಂತ ಸುಮ್ಮನಾದೆ. ನಿನಗೋಸ್ಕರ ಒಂದಷ್ಟು ವಾರ ಇಲ್ಲಿ ಬಿದ್ದಿದ್ರೆ ನನ್ನ ಗಂಟೇನು ಹೋಗ್ತಿತ್ತು?"

ಗಂಟಲ್ಲ, ಪ್ರಾಣ ಹೋಗುತ್ತಿತ್ತು. ಅದು ಅವನಿಗೂ ಗೊತ್ತಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೋ ಏನೋ, ಈ ಮಾತನ್ನು ಅವಳಿಂದ ತಡೆಯಲಾಗಲಿಲ್ಲ. ಗೋಡೆಗೆ ತಿರುಗಿ ನಿಂತು ಅತ್ತಳು.

ಅಮ್ಮ ತಾನೇ ಜೋಡಿಸಿದ್ದ ಬಾಚಣಿಗೆ, ಬಾಟಲಿ, ಸೋಪನ್ನು ಮತ್ತೆ ಚೀಲಕ್ಕೆ ತುಂಬಿದಳು. ಮನೆಗೆ ಬಂದು ಬಾಗಿಲು ತೆಗೆದು ಅಪ್ಪನನ್ನು ಮಲಗಿಸಿದ ಮೇಲೆ ಕಂದು ಪ್ಯಾಂಟನ್ನು ತಂದು ಮಗಳ ಮಷಿನಿನ ಮೇಲೆ ಎಸೆದಳು.

"ಒಂದೇ ಮಂಚದಲ್ಲಿ ಮಲಗೋಳು ನಾನು. ರಾತ್ರಿ ಕೈ ತಗುಲಿದಾಗ ಪಕ್ಕೆಲುಬು ಸಿಗ್ತಿತ್ತು. ಬೆಳಗಾದ್ರೆ ಬಟ್ಟೆ ಸರಿಯಾಗಿ ಕೂತಿರೋದು, ನನಗೇ ಎಲ್ಲೋ ಭ್ರಮೆ ಅಂತ ಸುಮ್ಮನಾಗ್ತಿದ್ದೆ. ಅಪ್ಪ ಮಗಳು ಸೇರ್ಕೊಂಡು ನನ್ನ ಕಣ್ಣಿಗೆ ಮಣ್ಣೆರಚಿದ್ರಿ," ಎಂದಳು. "ಬಿಚ್ಚು. ಅಷ್ಟನ್ನೂ ಬಿಚ್ಚು."

"ಅಮ್ಮಾ, ಬಿಚ್ಚಿದ್ರೆ ಅವನ ಸೊಂಟದಲ್ಲಿ ನಿಲ್ಲಲ್ಲ..."

"ನಿಲ್ಲದಿದ್ರೆ ಬೇಡ. ಎಷ್ಟು ಉಳಿದಿದಾರೆ ಅಂತ ದಿನಾ ನನ್ನ ಕಣ್ಣಿಗೆ ಕಾಣಲಿ."

ಮಗಳು ಹೊಲಿಗೆ ಬಿಚ್ಚುವ ಮೊನೆ ತೆಗೆದುಕೊಂಡು ಕೂತಳು. ಕಪ್ಪು ಮೊದಲು ಹೋಯಿತು, ಆಮೇಲೆ ನೀಲಿ, ಬೂದಿ. ಬಿಳಿ ದಾರ ಹಳೆಯದಾಗಿ ಬಟ್ಟೆಯೊಳಗೆ ಕೂತುಬಿಟ್ಟಿತ್ತು, ಎಳೆ ಎಳೆಯಾಗಿ ಕೀಳಬೇಕಾಯಿತು.

ಮೊದಲ ಇಂಜೆಕ್ಷನ್ನಿಗೆ ಹೋಗುವ ದಿನ ಅಪ್ಪ ಆ ಪ್ಯಾಂಟು ತೊಟ್ಟು ಹೊರಗೆ ಬಂದ. ಬಟ್ಟೆಯೊಳಗೆ ಅವನು ಅರ್ಧ ಇದ್ದ. ಬೆಲ್ಟು ಬಿಗಿದರೂ ಸೊಂಟದ ಸುತ್ತ ಬಟ್ಟೆ ಮುದುರಿ ನಿಂತಿತ್ತು. ಇಷ್ಟು ದಿನ ತನ್ನ ಕೈಯಾರೆ ಮುಚ್ಚಿಟ್ಟದ್ದನ್ನು ಮಗಳು ಮೊದಲ ಸಲ ಪೂರ್ತಿಯಾಗಿ ನೋಡಿದಳು.

"ಏನೇ ಸೂಜಿ, ಯಾರ ಪ್ಯಾಂಟೇ ಇದು?" ಅಪ್ಪ ನಗಿಸಲು ನೋಡಿದ. ಅವಳು ಬಗ್ಗಿ ಔಷಧಿಯ ಚೀಲ ಎತ್ತಿಕೊಂಡಳು.

ಅಮ್ಮ ಹಿಂದಿನಿಂದ ಬಂದು, ಜೋಲುತ್ತಿದ್ದ ಸೊಂಟಪಟ್ಟಿಯನ್ನು ಮುಷ್ಟಿಯಲ್ಲಿ ಒಟ್ಟು ಮಾಡಿ ಹಿಡಿದುಕೊಂಡಳು. "ನಡೀರಿ," ಎಂದಳು. ಬೀದಿಯುದ್ದಕ್ಕೂ, ನೆರೆಮನೆಯವರೆಲ್ಲ ನೋಡುತ್ತಿದ್ದರೂ, ಆ ಕೈ ಬಿಡಲಿಲ್ಲ. ಮಗಳು ಔಷಧಿಯ ಚೀಲ ಹಿಡಿದು ಅವರಿಬ್ಬರ ಹಿಂದೆ ನಡೆದಳು.